ಆಸ್ಪತ್ರೆಗೆ ಸ್ಟೋರೇಜ್ ಹಾಕಿದ್ದು: ಎರಡು ಪೂಲ್, 20 ಡಿಸ್ಕ್, ಮತ್ತೆ ಎರಡು ಸ್ಪೇರ್ ಬಗ್ಗೆ ಜಗಳ

ನಾನು ತುಮಕೂರು ಕಡೆ ಒಂದು ಪ್ರೈವೇಟ್ ಆಸ್ಪತ್ರೇಲಿ ಐಟಿ ನೋಡ್ಕೊಳ್ಳೋನು, ಐಟಿ ಅಂದ್ರೆ ಬಿಲ್ಲಿಂಗ್ ಕೌಂಟರ್ ಪ್ರಿಂಟರಲ್ಲಿ ಪೇಪರ್ ಸಿಕ್ಕಾಕೊಂಡ್ರೂ ನಾನೇ, ಸರ್ವರ್ ರೂಮ್ ಎಸಿ ಕೆಟ್ರೂ ನಾನೇ. ಹೊಸ ಸಿಟಿ ಸ್ಕ್ಯಾನ್ ಮೆಷಿನ್ ಹಾಕಿದ ಮೇಲೆ ಹಳೇ ಸ್ಟೋರೇಜಲ್ಲಿ ಜಾಗ ಸಾಲ್ದೇ ಹೋಯ್ತು. ಸಿಟಿ ಇಮೇಜ್ ಒಂದೊಂದು ಸ್ಲೈಸು 512 ಬೈ 512 ಪಿಕ್ಸೆಲ್, ಪಿಕ್ಸೆಲ್‌ಗೆ 2 ಬೈಟ್, ಅಂದ್ರೆ ಸ್ಲೈಸ್‌ಗೆ 512 ಕೆಬಿ. ಎದೆ ಹೊಟ್ಟೆ ಎಲ್ಲಾ ಸೇರಿ 500 ಸ್ಲೈಸ್ ತೆಗೆದ್ರೆ ಒಬ್ಬ ಪೇಷಂಟ್‌ಗೇ 250 ಎಂಬಿ, ಇನ್ನು ಎಂಆರ್‌ಐ ಬೇರೆ, ಎಕ್ಸ್‌ರೇ ಬೇರೆ, ಎಲ್ಲಾನೂ ವರ್ಷಗಟ್ಲೆ ಇಟ್ಕೋಬೇಕು. ಅದಕ್ಕೆ ಡೆಲ್ ಎಂಇ4024 ಅನ್ನೋ ಸ್ಟೋರೇಜ್ ಬಾಕ್ಸ್ ತರಿಸಿದ್ವಿ, ಅಂದ್ರೆ ತುಂಬಾ ಡಿಸ್ಕಿನ ಜಾಗಾನ ಒಟ್ಟು ಮಾಡಿ ಸರ್ವರಿಗೆ ಕೊಡೋ ಪೆಟ್ಟಿಗೆ. 2ಯು ಬಾಕ್ಸು, ಮುಂದೆ 24 ಸ್ಲಾಟು, ಹಿಂದೆ ಎ ಮತ್ತು ಬಿ ಅಂತ ಎರಡು ಕಂಟ್ರೋಲರ್, ಡಿಸ್ಕನ್ನೆಲ್ಲಾ ನಡೆಸೋ ಮಿದುಳು ಅದೇ. ಎಂಇ4 ಸೀರೀಸ್ ಬಂದಿದ್ದು 2018ರಲ್ಲಿ, ಆಮೇಲೆ 2022ರಲ್ಲಿ ಎಂಇ5 ಬಂತು, ಆದ್ರೂ ಡಿಸ್ಕ್ ಗ್ರೂಪ್ (ಒಟ್ಟಿಗೆ ಕಟ್ಟಿದ ಡಿಸ್ಕುಗಳು) ಮತ್ತು ಪೂಲ್ (ಆ ಗ್ರೂಪುಗಳು ಸೇರಿದ ಜಾಗ) ಲೆಕ್ಕ ಹೆಚ್ಚುಕಮ್ಮಿ ಅದೇ. ಎಚ್‌ಪಿಯ ಎಂಎಸ್‌ಎ ನೋಡಿದವರಿಗೂ ಇದು ಹೊಸದು ಅನ್ಸಲ್ಲ, ಎರಡರ ಬೇರೂ ಡಾಟ್ ಹಿಲ್ ಅನ್ನೋ ಕಂಪನಿದು, ಅದನ್ನ 2015ರಲ್ಲಿ ಸೀಗೇಟ್ ತಗೊಂಡ್ತು.

ನಮಗೆ ಬಂದಿದ್ದು 2.4 ಟಿಬಿಯ 10ಕೆ (ನಿಮಿಷಕ್ಕೆ 10,000 ಸುತ್ತು) ಸ್ಯಾಸ್ (ಸರ್ವರ್ ಕಡೆ ಬಳಸೋ ಥರದ) ಹಾರ್ಡ್ ಡಿಸ್ಕ್ 22, ಜೊತೆಗೆ ಎಸ್‌ಎಸ್‌ಡಿ 2. ರ‍್ಯಾಕಿಗೆ ಹಾಕಿದ್ದು, ಎರಡು ಪವರ್ ಸಪ್ಲೈನ ಎರಡು ಬೇರೆ ಬೇರೆ ಯುಪಿಎಸ್ ಲೈನಿಗೆ ಕೊಟ್ಟಿದ್ದು, ಎರಡು ಹೈಪರ್‌-ವಿ ಸರ್ವರಿಂದ (ಒಂದರೊಳಗೆ ಹಲವು ವರ್ಚುವಲ್ ಮೆಷಿನ್, ಅಂದ್ರೆ ವಿಎಂ, ಓಡೋ ಸರ್ವರು) ಎ ಕಂಟ್ರೋಲರ್‌ಗೊಂದು ಬಿ ಕಂಟ್ರೋಲರ್‌ಗೊಂದು ಸ್ಯಾಸ್ ಕೇಬಲ್ ಎಳೆದಿದ್ದು, ಇದೆಲ್ಲ ಬೇಗ ಆಯ್ತು. ಮ್ಯಾನೇಜ್‌ಮೆಂಟ್ ಪೋರ್ಟಿಗೆ ಡಿಎಚ್‌ಸಿಪಿ (ತಾನಾಗೇ ಐಪಿ ಅಡ್ರೆಸ್ ಕೊಡೋ ವ್ಯವಸ್ಥೆ) ಸಿಗದಿದ್ರೆ ಎ ಕಂಟ್ರೋಲರು 10.0.0.2, ಬಿ ಕಂಟ್ರೋಲರು 10.0.0.3 ಹಿಡಿದು ಕೂತಿರತ್ತೆ, ಲ್ಯಾಪ್‌ಟಾಪಿಗೆ ಅದೇ ರೇಂಜಲ್ಲಿ ಒಂದು ಐಪಿ ಕೊಟ್ಟು ಬ್ರೌಸರಲ್ಲಿ ಒಳಗೆ ಹೋದ್ವಿ. ಮೊದಲು ಪಾಸ್‌ವರ್ಡ್ ಬದಲಾಯಿಸಿ, ಟೈಮ್ ಸರ್ವರ್ ಸೆಟ್ ಮಾಡಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿದ್ವಿ. ಫರ್ಮ್‌ವೇರನ್ನ ಡೇಟಾ ಬರೋಕೆ ಮುಂಚೆನೇ ಮುಗಿಸ್ಬಿಡಿ, ಆಮೇಲೆ ಡೌನ್‌ಟೈಮ್ ಕೇಳೋಕೆ ಹೋದ್ರೆ ಆಸ್ಪತ್ರೇಲಿ ಯಾರೂ ಕೊಡಲ್ಲ, ಐಸಿಯು ಇದೆ ಎಮರ್ಜೆನ್ಸಿ ಇದೆ ಅಂತ ಎಲ್ರಿಗೂ ಒಂದೊಂದು ಕಾರಣ ಇರತ್ತೆ, ಆ ಕಾರಣ ಸುಳ್ಳೂ ಅಲ್ಲ.

ಅಲ್ಲಿಂದ ಮುಂದೆ ನಿಧಾನ ಆಯ್ತು. ಬೆಂಗಳೂರಿಂದ ವೆಂಡರ್ ಕಡೆಯಿಂದ ಒಬ್ಬ ಹುಡುಗ ಬಂದಿದ್ದ, ಕೆಲಸದಲ್ಲಿ ಚುರುಕು, ಸಂಜೆ ರೈಲಿಗೆ ವಾಪಸ್ ಹೋಗೋ ಆತುರ. ಮೆನು ತೆಗೆದು "ಸಾರ್, ಕ್ರಿಯೇಟ್ ಪೂಲ್ ಎಲ್ಲಿದೆ ಇದ್ರಲ್ಲಿ" ಅಂತ ಹುಡುಕ್ತಿದ್ದ. ಆ ಹೆಸರಿನ ಬಟನ್ನೇ ಇಲ್ಲ ಇದ್ರಲ್ಲಿ. ಪೂಲ್ಸ್ ಅನ್ನೋ ಪೇಜಿಗೆ ಹೋಗಿ ಆಡ್ ಡಿಸ್ಕ್ ಗ್ರೂಪ್ ಒತ್ತಬೇಕು, ಆ ಗ್ರೂಪು ಯಾವ ಪೂಲಿಗೆ ಅಂತ ಎ ಅಥವಾ ಬಿ ಆರಿಸಿದ್ರೆ ಮೊದಲ್ನೇ ಗ್ರೂಪ್ ಜೊತೆಗೇ ಪೂಲೂ ಹುಟ್ಟತ್ತೆ. ಎರಡೇ ಪೂಲು, ಪೂಲ್ ಎ ಅಂದ್ರೆ ಕಂಟ್ರೋಲರ್ ಎ ದು, ಪೂಲ್ ಬಿ ಅಂದ್ರೆ ಕಂಟ್ರೋಲರ್ ಬಿ ದು, ಮೂರನೇದು ಅನ್ನೋದೇ ಇಲ್ಲ.

ಇದನ್ನ ಗೊತ್ತಿಲ್ಲದೋರಿಗೆ ಹೇಳೋದಾದ್ರೆ, ನಾಲ್ಕೈದು ಬೋರ್‌ವೆಲ್ ನೀರನ್ನ ಒಂದೇ ಓವರ್‌ಹೆಡ್ ಟ್ಯಾಂಕಿಗೆ ಬಿಟ್ಟು ಅಲ್ಲಿಂದ ಮನೆಮನೆಗೆ ನಲ್ಲಿ ಕೊಡ್ತಾರಲ್ಲ, ಡಿಸ್ಕ್ ಗ್ರೂಪು ಬೋರ್‌ವೆಲ್ಲು, ಪೂಲು ಟ್ಯಾಂಕು, ವಾಲ್ಯೂಮು ನಲ್ಲಿ. ಆದ್ರೆ ಒಂದು ಕಡೆ ಈ ಲೆಕ್ಕ ತಪ್ಪತ್ತೆ: ಒಂದು ಬೋರ್ ಒಣಗಿದ್ರೆ ಟ್ಯಾಂಕಿಗೆ ಉಳಿದ ಬೋರ್ ನೀರು ಬರತ್ತೆ, ಇಲ್ಲಿ ಹಂಗಲ್ಲ. ಪೂಲಲ್ಲಿರೋ ಒಂದು ಡಿಸ್ಕ್ ಗ್ರೂಪು ಪೂರ್ತಿ ಹೋಯ್ತು ಅಂದ್ರೆ ಆ ಪೂಲಲ್ಲಿರೋ ಅಷ್ಟೂ ವಾಲ್ಯೂಮ್ ಹೋಯ್ತು. ಯಾಕಂದ್ರೆ ಡೇಟಾನ ಇದು 4 ಎಂಬಿ ಪೇಜ್ ಪೇಜ್ ಮಾಡಿ ಎಲ್ಲಾ ಗ್ರೂಪಿಗೂ ಹರಡಿ ಇಟ್ಟಿರತ್ತೆ. ಹಾಗಾಗಿ ಒಂದೊಂದು ಗ್ರೂಪೂ ತನ್ನ ಕಾಲ ಮೇಲೆ ತಾನು ಗಟ್ಟಿಯಾಗಿ ನಿಲ್ಲೋ ಹಂಗೆ ಕಟ್ಟಬೇಕು. ಮತ್ತೆ ರೈಡ್ ಲೆವೆಲ್ಲು, ಅಂದ್ರೆ ಡಿಸ್ಕ್ ಹೋದ್ರೂ ಡೇಟಾ ಉಳಿಯೋ ಹಂಗೆ ಗ್ರೂಪ್ ಕಟ್ಟೋ ವಿಧಾನ, ಒಂದ್ಸಲ ಇಟ್ರೆ ಮುಗೀತು, ಗ್ರೂಪ್ ಹಾಗೇ ಇಟ್ಕೊಂಡು 5ನ್ನ 6 ಮಾಡೋಕೆ ಆಗಲ್ಲ. ಬದಲಾಯಿಸಬೇಕು ಅಂದ್ರೆ ಗ್ರೂಪ್ ತೆಗೀಬೇಕು, ತೆಗೀಬೇಕು ಅಂದ್ರೆ ಅದರಲ್ಲಿರೋ ಪೇಜ್‌ಗಳಿಗೆ ಅದೇ ಪೂಲಿನ ಬೇರೆ ಗ್ರೂಪಲ್ಲಿ ಜಾಗ ಇರ್ಬೇಕು, ಅಷ್ಟು ಖಾಲಿ ಜಾಗ ಯಾರ ಹತ್ರ ಇರತ್ತೆ ಹೇಳಿ. ಅದಕ್ಕೇ ನಾನು ಮೌಸ್ ಮುಟ್ಟೋಕೆ ಮುಂಚೆ ಒಂದು ಹಾಳೆ ತಗೊಂಡು 24 ಚೌಕ ಬರ್ದು ಕೂತೆ. ಹುಡುಗ ವಾಚ್ ನೋಡ್ಕೊಂಡ.

ಅವನ ಮೊದಲ್ನೇ ಪ್ಲಾನು ರೈಡ್ 5, 11 ಡಿಸ್ಕಿನ ಎರಡು ಗ್ರೂಪು. ಒಂದೊಂದು ಗ್ರೂಪಲ್ಲಿ ಒಂದು ಡಿಸ್ಕಿನಷ್ಟು ಪ್ಯಾರಿಟಿಗೆ (ಹೋದ ಡಿಸ್ಕಿನ ಡೇಟಾನ ಮತ್ತೆ ಲೆಕ್ಕ ಹಾಕಿ ತೆಗೆಯೋ ಮಾಹಿತಿಗೆ) ಹೋಗಿ 10 ಡಿಸ್ಕ್ ಡೇಟಾಗೆ ಸಿಗತ್ತೆ, ಎರಡೂ ಸೇರಿ 48 ಟಿಬಿ. ಕೇಳೋಕೆ ಚೆನ್ನಾಗಿದೆ. ಸ್ಪೇರ್, ಅಂದ್ರೆ ಒಂದು ಹೋದ್ರೆ ಅದರ ಜಾಗಕ್ಕೆ ಬರೋ ಖಾಲಿ ಡಿಸ್ಕ್, ಎಲ್ಲಪ್ಪಾ ಅಂದ್ರೆ ಇಲ್ಲ. ಒಂದೇ ದಿನ ಒಂದೇ ಬ್ಯಾಚಲ್ಲಿ ಬಂದಿರೋ ಡಿಸ್ಕು, ಒಂದೇ ಥರ ಬಿಸಿ, ಒಂದೇ ಥರ ಕೆಲಸ, ಒಂದು ಹೋದಾಗ ಇನ್ನೊಂದೂ ಅದರ ಹಿಂದೆ ಹೊರಟಿರೋ ಸಾಧ್ಯತೆ ಇದ್ದೇ ಇದೆ, ಅದೂ ರೀಬಿಲ್ಡ್ (ಹೋದ ಡಿಸ್ಕಿನ ಡೇಟಾ ಮತ್ತೆ ಕಟ್ಟೋ) ಟೈಮಲ್ಲಿ ಉಳಿದ ಅಷ್ಟೂ ಡಿಸ್ಕನ್ನ ಮೂಲೆ ಮೂಲೆ ಓದ್ತಿರುವಾಗ. ರೈಡ್ 5ರಲ್ಲಿ ಎರಡನೇದು ಹೋದ್ರೆ ಅಲ್ಲಿಗೆ ಕಥೆ ಮುಗೀತು. ರೈಡ್ 6 ಆದ್ರೆ ಗ್ರೂಪಿಗೆ ಎರಡು ಹೋದ್ರೂ ತಡ್ಕೊಳತ್ತೆ. ಪೇಷಂಟ್ ಇಮೇಜ್ ಇಡೋ ಜಾಗದಲ್ಲಿ ನನಗೆ ರೈಡ್ 5 ಬೇಡವೇ ಬೇಡ ಅಂದೆ.

ಸರಿ ಹಂಗಾದ್ರೆ ಅಡಾಪ್ಟ್ ಹಾಕೋಣ ಸಾರ್, 22 ಡಿಸ್ಕೂ ಒಂದೇ ಗ್ರೂಪು, ಐದ್ನಿಮಿಷದ ಕೆಲಸ, ಅಂದ ಅವನು. ಅಡಾಪ್ಟ್ ಅಂದ್ರೆ ಈ ಬಾಕ್ಸಲ್ಲಿರೋ ಇನ್ನೊಂದು ಥರದ ರೈಡು, ಇದು ಕೆಟ್ಟ ಐಡಿಯಾ ಏನಲ್ಲ. ಅಡಾಪ್ಟಲ್ಲಿ ಪ್ರತ್ಯೇಕ ಸ್ಪೇರ್ ಡಿಸ್ಕ್ ಇರಲ್ಲ, ಸ್ಪೇರ್ ಜಾಗಾನ ಎಲ್ಲಾ ಡಿಸ್ಕಲ್ಲೂ ಸ್ವಲ್ಪ ಸ್ವಲ್ಪ ಹಂಚಿ ಇಟ್ಟಿರತ್ತೆ, ಡೀಫಾಲ್ಟಾಗಿ ಎರಡು ದೊಡ್ಡ ಡಿಸ್ಕಿನಷ್ಟು. ಒಂದು ಹೋದ್ರೆ ಒಂದೇ ಸ್ಪೇರ್ ಡಿಸ್ಕಿಗೆ ಬರೀತಾ ಕೂರೋ ಬದಲು ಎಲ್ಲಾ ಡಿಸ್ಕೂ ಒಟ್ಟಿಗೆ ಕೆಲಸ ಮಾಡತ್ತೆ, ರೀಬಿಲ್ಡ್ ಬೇಗ ಮುಗಿಯತ್ತೆ. ಜಾಗದ ಲೆಕ್ಕ ಹಾಕಿ ನೋಡಿದ್ರೆ ತಮಾಷೆ: 22ರಲ್ಲಿ 2 ಡಿಸ್ಕಿನಷ್ಟು ಸ್ಪೇರಿಗೆ ಹೋದ್ರೆ 20, ಅದರಲ್ಲಿ 8+2 ಸ್ಟ್ರೈಪ್ (8 ಪಾಲು ಡೇಟಾ, 2 ಪಾಲು ಪ್ಯಾರಿಟಿ) ಅಂದ್ರೆ ಡೇಟಾಗೆ 16 ಡಿಸ್ಕಿನಷ್ಟು, 38.4 ಟಿಬಿ. ನಾನು ಹಾಳೇಲಿ ಬರ್ದಿದ್ದು ರೈಡ್ 6, 10 ಡಿಸ್ಕಿನ ಎರಡು ಗ್ರೂಪ್ ಮತ್ತೆ 2 ಸ್ಪೇರು, ಅದೂ 8 ಮತ್ತು 8 ಸೇರಿ 16, ಅದೇ 38.4 ಟಿಬಿ! ಜಾಗ ಸಮ ಅಂದಮೇಲೆ ಜಗಳ ಕಂಟ್ರೋಲರ್ ಮೇಲೆ ಬಂತು. ಅಡಾಪ್ಟಿಗೆ ಕಮ್ಮಿ ಅಂದ್ರೂ 12 ಡಿಸ್ಕ್ ಬೇಕು, 22ರಲ್ಲಿ ಎರಡು ಅಡಾಪ್ಟ್ ಗ್ರೂಪ್ ಆಗಲ್ಲ, 24 ಬೇಕಾಗತ್ತೆ. ಒಂದೇ ಗ್ರೂಪು ಅಂದ್ರೆ ಒಂದೇ ಪೂಲು, ಒಂದೇ ಪೂಲು ಅಂದ್ರೆ ಕೆಲಸ ಎಲ್ಲಾ ಕಂಟ್ರೋಲರ್ ಎ ತಲೆ ಮೇಲೆ, ಬಿ ಕಂಟ್ರೋಲರು ಎ ಸತ್ತರೆ ನೋಡೋಣ ಅಂತ ಸುಮ್ನೆ ಕೂತಿರತ್ತೆ. ಎರಡು ಕಂಟ್ರೋಲರಿಗೆ ದುಡ್ಡು ಕೊಟ್ಟು ಒಂದರಲ್ಲಿ ಗಾಡಿ ಓಡ್ಸೋದು ನನಗೆ ಸರಿ ಕಾಣಲಿಲ್ಲ. ಇನ್ನೆರಡು ಹಾರ್ಡ್ ಡಿಸ್ಕ್ ಜಾಸ್ತಿ ಇದ್ದಿದ್ರೆ ನಾನೇ ಪೂಲಿಗೊಂದರಂತೆ ಎರಡು ಅಡಾಪ್ಟ್ ಹಾಕ್ತಿದ್ದೆ.

10 ಡಿಸ್ಕೇ ಯಾಕೆ, 11 ಹಾಕಿ ಸ್ಪೇರ್ ಬಿಟ್ಬಿಡೋಣ ಅಂತ ಮತ್ತೆ ಕೇಳಿದ. ಇದು ಮಾತ್ರ ಎಲ್ರೂ ತಿಳ್ಕೋಬೇಕಾದ್ದು, ಯಾಕಂದ್ರೆ ಸ್ಕ್ರೀನಲ್ಲಿ 11 ಆರಿಸಿದ್ರೂ ಅದು ಬೇಡ ಅನ್ನಲ್ಲ. ವರ್ಚುವಲ್ ಗ್ರೂಪಲ್ಲಿ ರೈಡ್ 6ಕ್ಕೆ ಚಂಕ್ ಸೈಜ್ (ಒಂದು ಸ್ಟ್ರೈಪಲ್ಲಿ ಒಂದೊಂದು ಡಿಸ್ಕಿಗೆ ಹೋಗೋ ತುಂಡು) 512 ಕೆಬಿ ಅಂತ ಫಿಕ್ಸ್, ನಾವು ಬದಲಾಯಿಸೋಕಾಗಲ್ಲ. ಡೇಟಾ ಡಿಸ್ಕ್ 8 ಇದ್ರೆ ಒಂದು ಪೂರ್ತಿ ಸ್ಟ್ರೈಪ್ 8 ಇಂಟು 512 ಕೆಬಿ, ಅಂದ್ರೆ 4 ಎಂಬಿ. ಪೂಲಿನ ಪೇಜ್ ಸೈಜೂ 4 ಎಂಬಿ. ಸರಿಯಾಗಿ ಒಂದರೊಳಗೊಂದು ಕೂರತ್ತೆ, ಇಡೀ ಪೇಜ್ ಬರೆಯುವಾಗ ಪ್ಯಾರಿಟಿ ಅಲ್ಲೇ ಲೆಕ್ಕ ಹಾಕಿ ಒಂದೇ ಸಲಕ್ಕೆ ಬರ್ದುಬಿಡತ್ತೆ. ಡೇಟಾ ಡಿಸ್ಕ್ 9 ಆಯ್ತು ಅಂದ್ರೆ ಸ್ಟ್ರೈಪ್ ನಾಲ್ಕೂವರೆ ಎಂಬಿ, ಪೇಜಿನ ಅಂಚು ಸ್ಟ್ರೈಪಿನ ಮಧ್ಯಕ್ಕೆ ಬಂದು ಬೀಳತ್ತೆ, ಆವಾಗ ಹಳೇದು ಓದು, ಪ್ಯಾರಿಟಿ ಮತ್ತೆ ಲೆಕ್ಕ ಹಾಕು, ತಿರುಗಿ ಬರಿ ಅನ್ನೋ ತಿರುಗಾಟ ಶುರು. ಅದಕ್ಕೇ ಡೇಟಾ ಡಿಸ್ಕಿನ ಸಂಖ್ಯೆ 2, 4, 8 ಹೀಗಿರ್ಬೇಕು ಅನ್ನೋದು: ರೈಡ್ 5ರಲ್ಲಿ 3, 5, 9 ಡಿಸ್ಕು, ರೈಡ್ 6ರಲ್ಲಿ 4, 6, 10. ಇಷ್ಟು ಹೇಳಿದ ಮೇಲೆ ಹುಡುಗ ಕುರ್ಚಿ ಹತ್ರ ಎಳ್ಕೊಂಡು ಕೂತ, ಹಾಳೆ ಫೋಟೋ ಕೂಡ ತಕ್ಕೊಂಡ.

ಡೇಟಾಬೇಸ್ ಇರೋ ಪೂಲಿಗೆ ರೈಡ್ 10 (ಎಲ್ಲಾನೂ ಎರಡೆರಡು ಡಿಸ್ಕಲ್ಲಿ ಬರೆಯೋದು) ಹಾಕ್ಬೇಕಿತ್ತಲ್ವಾ ಅಂತ ಕೆಲವರು ಕೇಳ್ತಾರೆ. ನಮ್ಮ ಬಿಲ್ಲಿಂಗ್, ಲ್ಯಾಬ್, ಫಾರ್ಮಸಿ ಎಲ್ಲಾ ಸೇರಿದ ಡೇಟಾಬೇಸು ಕೆಲವು ನೂರು ಜಿಬಿ ಅಷ್ಟೇ, ಅದಕ್ಕೋಸ್ಕರ ಅರ್ಧ ಜಾಗ ಕಳ್ಕೊಳ್ಳೋದು ನಮ್ಮಂಥ ಕಡೆ ದುಬಾರಿ. ಅದರ ಬದಲು ಆ ಎರಡು ಎಸ್‌ಎಸ್‌ಡಿನ ಪೂಲಿಗೊಂದರಂತೆ ರೀಡ್ ಕ್ಯಾಶ್ ಮಾಡ್ದೆ. ರೀಡ್ ಕ್ಯಾಶಲ್ಲಿ ಇರೋದು ಬರೀ ಕಾಪಿ, ಅಸಲು ಹಾರ್ಡ್ ಡಿಸ್ಕಲ್ಲೇ ಇರತ್ತೆ, ಹಾಗಾಗಿ ಆ ಎಸ್‌ಎಸ್‌ಡಿ ಸತ್ತರೂ ಡೇಟಾ ಹೋಗಲ್ಲ, ಸ್ಪೀಡ್ ಕಮ್ಮಿ ಆಗತ್ತೆ ಅಷ್ಟೇ. ಅದಕ್ಕೆ ಒಂದೇ ಎಸ್‌ಎಸ್‌ಡಿ ಇದ್ರೂ ನಡಿಯತ್ತೆ. ಅದೇ ಎಸ್‌ಎಸ್‌ಡಿನ ಪರ್ಫಾರ್ಮೆನ್ಸ್ ಟಿಯರ್ ಅಂತ ಹಾಕಿದ್ರೆ ಅಸಲು ಡೇಟಾನೇ ಅಲ್ಲಿಗೆ ಹೋಗಿ ಕೂರತ್ತೆ, ಅವಾಗ ಅದಕ್ಕೂ ರೈಡ್ ಬೇಕು, ಸ್ಪೇರ್ ಬೇಕು.

ಕೊನೆಗೆ ಹಾಳೆ ಹೀಗಾಯ್ತು. ಸ್ಲಾಟ್ ನಂಬರ್ ಸೊನ್ನೆಯಿಂದ ಶುರು, ಎಡದಿಂದ ಬಲಕ್ಕೆ, ಚುಕ್ಕೆಗೆ ಮುಂಚಿನ ಸೊನ್ನೆ ಬಾಕ್ಸಿನ ನಂಬರು. 0.0ರಿಂದ 0.9 ಪೂಲ್ ಎ, 0.10ರಿಂದ 0.19 ಪೂಲ್ ಬಿ, 0.20 ಮತ್ತು 0.21 ಗ್ಲೋಬಲ್ ಸ್ಪೇರ್ (ಎರಡೂ ಪೂಲಿಗೆ ಆಗೋದು), 0.22 ಮತ್ತು 0.23 ಎಸ್‌ಎಸ್‌ಡಿ. ಪೂಲ್ ಎ ಮೇಲೆ ಡೇಟಾಬೇಸ್ ಮತ್ತೆ ವಿಎಂಗಳು, ಪೂಲ್ ಬಿ ಮೇಲೆ ರೇಡಿಯಾಲಜಿ ಇಮೇಜು. ಇದ್ರಲ್ಲಿ ಒಂದು ಕೊರತೆ ಇದೆ, ಮುಚ್ಚಿಡೋದೇನಿಲ್ಲ: ಪೂಲ್ ಎ ಅರ್ಧ ಖಾಲಿ ಇದ್ರೂ ಪೂಲ್ ಬಿ ತುಂಬಿದಾಗ ಅಲ್ಲಿಂದ ಕಡ ತರೋಕಾಗಲ್ಲ, ವಾಲ್ಯೂಮನ್ನೇ ಆ ಕಡೆಗೆ ಕಾಪಿ ಮಾಡ್ಬೇಕು. ಗೊತ್ತಿದ್ದೇ ಒಪ್ಕೊಂಡೆ.

ಕ್ಲಿಕ್ ಮಾಡೋ ಕೆಲಸ ನಿಜವಾಗ್ಲೂ ಐದ್ನಿಮಿಷದ್ದೇ. ಟೈಪ್ ವರ್ಚುವಲ್, ಪೂಲ್ ಎ, ರೈಡ್ 6, ಚಿತ್ರದಲ್ಲಿ ಹತ್ತು ಡಿಸ್ಕ್ ಒತ್ತು, ಆಡ್. ಗ್ರೂಪಿಗೆ ಡಿಜಿಎ01 ಅಂತ ಅದೇ ಹೆಸರಿಟ್ಕೊಳತ್ತೆ, ನಾನು ಹಾಗೇ ಬಿಟ್ಟೆ. ಹಿಂದೆ ಇನಿಷಿಯಲೈಸ್ (ಗ್ರೂಪನ್ನ ಸಿದ್ಧ ಮಾಡೋ ಕೆಲಸ) ನಡೀತಿದ್ರೂ ಪೂಲ್ ತಕ್ಷಣ ಬಳಸೋಕೆ ಸಿಗತ್ತೆ. ಆದ್ರೂ ನಾನು ರಾತ್ರಿಯೆಲ್ಲಾ ಅದನ್ನ ಸುಮ್ನೆ ಓಡೋಕೆ ಬಿಟ್ಟೆ, ಹುಡುಗ ಆ ಸಂಜೆ ರೈಲಿಗೇ ಹೋದ.

ಮಾರನೇ ದಿನ ಅಕೌಂಟ್ಸ್ ಮೇಡಂ ಇನ್‌ವಾಯ್ಸ್ ಹಿಡ್ಕೊಂಡು ಬಂದ್ರು. "22 ಡಿಸ್ಕು, ಒಂದೊಂದು 2.4, ಅಂದ್ರೆ 52.8 ಆಗ್ಬೇಕಲ್ವಾ? ನೀವು ಕೊಟ್ಟಿರೋ ರಿಪೋರ್ಟಲ್ಲಿ 38 ಅಂತಿದೆ, ಸರ್ವರಲ್ಲಿ ನೋಡಿದ್ರೆ ಅದೂ ಇಲ್ಲ." ಮೇಡಂ ಲೆಕ್ಕ ಬಿಡಲ್ಲ. ನಾಲ್ಕು ಡಿಸ್ಕು ಪ್ಯಾರಿಟಿಗೆ, ಎರಡು ಸ್ಪೇರು, ಅಲ್ಲಿಗೆ 14.4 ಟಿಬಿ ಹೋಯ್ತು, ಉಳಿದಿದ್ದು 38.4. ಇನ್ನು ಸ್ಟೋರೇಜಿನ ಸ್ಕ್ರೀನು ಡಿಸ್ಕ್ ಕಂಪನಿಗಳ ಥರ ಸಾವಿರದ ಲೆಕ್ಕದಲ್ಲಿ ತೋರ್ಸತ್ತೆ, ವಿಂಡೋಸು 1024ರ ಲೆಕ್ಕದಲ್ಲಿ ತೋರ್ಸಿ ಅದಕ್ಕೂ ಟಿಬಿ ಅಂತಲೇ ಹೆಸರು ಹಾಕತ್ತೆ, ಹಾಗಾಗಿ ಅದೇ 38.4 ಅಲ್ಲಿ ಸುಮಾರು 34.9 ಆಗತ್ತೆ, ಪೂಲಿಗೆ ಹದಿನೇಳೂವರೆಗಿಂತ ಚೂರು ಕಮ್ಮಿ. ಇದನ್ನ ಹೇಳಿದ್ರೆ ನಂಬಲಿಲ್ಲ, ಕ್ಯಾಲ್ಕ್ಯುಲೇಟರ್ ತಕ್ಕೊಂಡು 38.4ನ್ನ 1.024ರಿಂದ ನಾಲ್ಕು ಸಲ ಭಾಗಿಸಿ ತೋರಿಸಿದ ಮೇಲೆ ಒಪ್ಪಿದ್ರು. ಆದ್ರೂ ಆ ಎರಡು ಸ್ಪೇರ್ ಡಿಸ್ಕಿನ ಮೇಲೆ ಅವರ ಕಣ್ಣು ಹಾಗೇ ಇತ್ತು, "ಕೆಲಸ ಇಲ್ದೇ ಸುಮ್ನೆ ತಿರುಗ್ತಾ ಇರೋದಕ್ಕೆ ಇಷ್ಟು ದುಡ್ಡಾ?"

ಅದಕ್ಕೆ ಉತ್ತರ ಅವರೆದುರಿಗೇ ಕೊಡೋಣ ಅಂತ ಡೇಟಾ ಹಾಕೋಕೆ ಮುಂಚೆ ಮಾಡ್ಬೇಕು ಅಂತಿದ್ದ ಟೆಸ್ಟನ್ನ ಆವಾಗ್ಲೇ ಮಾಡ್ದೆ. ಇನಿಷಿಯಲೈಸ್ ಮುಗಿದಿತ್ತು. ಟೆಸ್ಟ್ ವಾಲ್ಯೂಮಿಗೆ ಒಂದು ದೊಡ್ಡ ಫೈಲ್ ಕಾಪಿ ಹಚ್ಚಿ, 0.4ರ ಲಾಚ್ ಒತ್ತಿ ಡಿಸ್ಕನ್ನ ಒಂದಿಂಚು ಈಚೆ ಎಳೆದೆ. ಒಳಗೆ ತಿರುಗ್ತಿರೋ ತಟ್ಟೆ ನಿಲ್ಲೋ ತನಕ ಕೈಯಲ್ಲಿ ಸಣ್ಣ ನಡುಕ ಗೊತ್ತಾಗತ್ತೆ, ಅದು ಪೂರ್ತಿ ನಿಂತ ಮೇಲೇ ಹೊರಗೆ ತೆಗೀಬೇಕು. ಮುಂದೆ ಅಂಬರ್ ಲೈಟ್ ಬಂತು, ಸ್ಕ್ರೀನಲ್ಲಿ ಗ್ರೂಪು ಡಿಗ್ರೇಡೆಡ್ ಆಯ್ತು, ಯಾರೂ ಏನೂ ಒತ್ತದೇನೇ 0.20ರ ಲೈಟು ಮಿಣಕೋಕೆ ಶುರು ಆಗಿ ರೀಕನ್‌ಸ್ಟ್ರಕ್ಟ್ 0% ಅಂತ ಬಂತು. ಕಾಪಿ ನಿಲ್ಲಲಿಲ್ಲ. ನನ್ನ ಮೊಬೈಲಿಗೆ ಅಲರ್ಟ್ ಇಮೇಲೂ ಬಂತು, ಅದೂ ಸೆಟ್ ಆಗಿದೆ ಅಂತ ಗೊತ್ತಾಯ್ತು. ಮೇಡಂ ನೋಡಿ, "ರಾತ್ರಿ ಎರಡು ಗಂಟೆಗೆ ಹಿಂಗಾದ್ರೂ ಇದೇ ಮಾಡ್ಕೊಳತ್ತಾ?" ಅಂದ್ರು. ಹೌದು ಮೇಡಂ, ಅದಕ್ಕೇ ಅದು ಸುಮ್ನೆ ತಿರುಗ್ತಿರೋದು ಅಂದೆ. ಮತ್ತೆ ಆ ಮಾತು ಎತ್ತಲಿಲ್ಲ.

ಈಗ ಎಳೆದ ಡಿಸ್ಕನ್ನ ತಿರುಗಿ ಹಾಕಿದ್ರೆ ಏನಾಗತ್ತೆ ಅನ್ನೋದು ಇನ್ನೊಂದು ಪಾಠ. ಅದು ವಾಪಸ್ ಗ್ರೂಪಿಗೆ ಸೇರ್ಕೊಳ್ಳಲ್ಲ, ಖಾಲಿ ಅಂತಲೂ ತೋರ್ಸಲ್ಲ, ಲೆಫ್ಟೋವರ್ ಅಂತ ತೋರ್ಸತ್ತೆ. ಅದರ ಮೇಲೆ ಹಳೇ ಗ್ರೂಪಿನ ಮೆಟಾಡೇಟಾ (ಈ ಡಿಸ್ಕ್ ಯಾವ ಗ್ರೂಪಿಂದು ಅನ್ನೋ ಗುರುತು) ಇನ್ನೂ ಇದೆ, ಯಾರದ್ದೋ ಡೇಟಾ ಇರಬಹುದು ನಾನು ಮುಟ್ಟಲ್ಲ ಅಂತ ಸಿಸ್ಟಮ್ ಸುಮ್ನೆ ಕೂರತ್ತೆ, ಅದು ಸರಿಯಾದ ಬುದ್ಧಿನೇ. ಕ್ಲಿಯರ್ ಮೆಟಾಡೇಟಾ ಅನ್ನೋದನ್ನ ಕೊಟ್ರೆ ಅವೈಲಬಲ್ ಆಗತ್ತೆ, ಆಮೇಲೆ ಅದನ್ನೇ ಗ್ಲೋಬಲ್ ಸ್ಪೇರ್ ಮಾಡ್ದೆ. ಆದ್ರೆ ಒಂದು ವಿಷಯ, ಗ್ರೂಪು ಕೆಟ್ಟಿರೋ ಹೊತ್ತಲ್ಲಿ, ಅಂದ್ರೆ ಎರಡಕ್ಕಿಂತ ಜಾಸ್ತಿ ಡಿಸ್ಕ್ ಒಟ್ಟಿಗೆ ಲೆಫ್ಟೋವರ್ ಅಂತ ಬಂದಾಗ, ಈ ಕ್ಲಿಯರ್ ಮೆಟಾಡೇಟಾನ ಯಾವ ಕಾರಣಕ್ಕೂ ಒತ್ತಬೇಡಿ, ಮೊದಲು ಸಪೋರ್ಟಿಗೆ ಫೋನ್ ಮಾಡಿ, ಅದರ ಮೇಲಿರೋ ಆ ಮೆಟಾಡೇಟಾನೇ ಗ್ರೂಪನ್ನ ಮತ್ತೆ ಜೋಡಿಸೋಕೆ ಇರೋ ದಾರಿ. ಇನ್ನು ರೀಬಿಲ್ಡ್ ಮುಗಿದ ಮೇಲೆ 0.20 ಪೂಲ್ ಎ ದೇ ಖಾಯಂ ಸದಸ್ಯ, ಡೇಟಾ ತಿರುಗಿ 0.4ಕ್ಕೆ ಬರಲ್ಲ. ನಾನು ಹಾಳೇಲಿ ಬರೆದಿದ್ದ ಸಾಲು ಸಾಲು ನಂಬರು ಅಲ್ಲಿಗೇ ಕೆಟ್ಟೋಯ್ತು, ಹೊಸ ಹಾಳೆ ಬರ್ದು ರ‍್ಯಾಕ್ ಬಾಗಿಲ ಒಳಗಡೆ ಅಂಟಿಸಿದೀನಿ.

ವಾಲ್ಯೂಮ್ ಮಾಡೋವಾಗ ಓವರ್‌ಕಮಿಟ್ ಅಂತ ಒಂದು ಟಿಕ್ ಮೊದಲಿಂದಲೇ ಆನ್ ಇರತ್ತೆ. ಅಂದ್ರೆ ಪೂಲಲ್ಲಿ 19 ಟಿಬಿ ಇದ್ರೂ ನೀವು 30 ಟಿಬಿ ವಾಲ್ಯೂಮ್ ಕೊಡಬಹುದು, ಬರೆದಾಗ ಬರೆದಾಗ ಪೇಜ್ ಕೊಡ್ತಾ ಹೋಗತ್ತೆ. ಆಫ್ ಮಾಡಿದ್ರೆ ಸ್ನ್ಯಾಪ್‌ಶಾಟಿಗೂ (ವಾಲ್ಯೂಮ್ ಆ ಕ್ಷಣಕ್ಕೆ ಹೇಗಿತ್ತು ಅನ್ನೋ ಪ್ರತಿಗೂ) ಪೂರ್ತಿ ಜಾಗ ಮೊದಲೇ ಎತ್ತಿಡತ್ತೆ, ಅದು ಇನ್ನೊಂಥರ ತೊಂದ್ರೆ. ಅದಕ್ಕೆ ಆನ್ ಇಟ್ಕೊಂಡೇ, ಎಲ್ಲಾ ವಾಲ್ಯೂಮ್ ಸೇರಿದ್ರೂ ಪೂಲಿನ ಸೈಜ್ ದಾಟಬಾರ್ದು ಅಂತ ನಮಗೆ ನಾವೇ ಕಟ್ಟು ಹಾಕ್ಕೊಂಡ್ವಿ. ಪೂಲ್ ತುಂಬೋಕೆ 200 ಜಿಬಿ ಇದೆ ಅನ್ನುವಾಗ ಹೈ ಥ್ರೆಶೋಲ್ಡ್ (ಕೊನೇ ಎಚ್ಚರಿಕೆ ಮಿತಿ) ಬಡಿಯತ್ತೆ, ಓವರ್‌ಕಮಿಟ್ ಆಗಿರೋ ಪೂಲಾದ್ರೆ ಅಲ್ಲಿಂದ ಕ್ಯಾಶ್ ಬಿಟ್ಟು ನೇರ ಡಿಸ್ಕಿಗೇ ಬರೆಯೋಕೆ ಶುರು ಮಾಡಿ ಎಲ್ಲಾ ನಿಧಾನ ಆಗತ್ತೆ. ನಾನು ಅದಕ್ಕಿಂತ ಮುಂಚೆ ಬರೋ ಮಿಡ್ಲ್ ಥ್ರೆಶೋಲ್ಡನ್ನೇ ಎಚ್ಚರಿಕೆ ಗಂಟೆ ಅಂತ ಇಟ್ಕೊಂಡಿದೀನಿ.

ಸರ್ವರ್ ಕಡೆ ಎಂಪಿಐಓ (ಒಂದೇ ವಾಲ್ಯೂಮಿಗೆ ಇರೋ ಎರಡು ಕೇಬಲ್ ದಾರೀನ ಒಂದು ಅಂತ ನೋಡೋ ವಿಂಡೋಸ್ ಸೌಲಭ್ಯ) ಹಾಕದಿದ್ರೆ ಒಂದೇ ವಾಲ್ಯೂಮ್ ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ಎರಡೆರಡು ಸಲ ಕಾಣತ್ತೆ, ಅದನ್ನ ನೋಡಿ ಎರಡಕ್ಕೂ ಫಾರ್ಮ್ಯಾಟ್ ಹೊಡೆಯೋಕೆ ಹೋಗ್ಬೇಡಿ. ಎಂಪಿಐಓ ಹಾಕಿದ ಮೇಲೆ ಪೂಲ್ ಬಿ ವಾಲ್ಯೂಮಿಗೆ ಬಿ ಕಂಟ್ರೋಲರಿನ ದಾರಿ ಆಪ್ಟಿಮೈಸ್ಡ್, ಎ ಕಡೆದು ಬದಲಿ ದಾರಿ ಅಂತ ಕಾಣ್ತು. ಬಿ ಕಂಟ್ರೋಲರನ್ನ ಸ್ಕ್ರೀನಿಂದಲೇ ಶಟ್‌ಡೌನ್ ಕೊಟ್ಟು ನೋಡಿದ್ವಿ, ಕಾಪಿ ಒಂದು ಗಳಿಗೆ ತಡವರಿಸಿ ಎ ಕಡೆಯಿಂದ ಮುಂದುವರೀತು. ಕರೆಂಟ್ ವಿಷಯಕ್ಕೂ ಇದು ಪರವಾಗಿಲ್ಲ, ಹಳೇ ಬಾಕ್ಸಲ್ಲಿ ಕ್ಯಾಶ್ ಬ್ಯಾಟರಿ ಬದಲಾಯಿಸೋದೇ ಒಂದು ಕೆಲಸ ಆಗಿತ್ತು, ಇದ್ರಲ್ಲಿ ಸೂಪರ್ ಕೆಪಾಸಿಟರ್ ಇದೆ, ಪವರ್ ಪೂರ್ತಿ ಹೋದ್ರೆ ಕ್ಯಾಶಲ್ಲಿ ಇರೋದನ್ನ ಫ್ಲ್ಯಾಶ್ ಕಾರ್ಡಿಗೆ ಬರೆದಿಟ್ಟು ಆಮೇಲೆ ಮಲಗತ್ತೆ.

ಹಳೇ ಇಮೇಜೆಲ್ಲಾ ರಾತ್ರಿ ಹೊತ್ತಲ್ಲಿ ರೋಬೋಕಾಪಿ ಅನ್ನೋ ವಿಂಡೋಸ್ ಕಾಪಿ ಟೂಲಿಂದ ಸಾಗಿಸಿದ್ದಾಯ್ತು. ರೇಡಿಯಾಲಜಿ ಡಾಕ್ಟ್ರು ಹೋದ ವರ್ಷದ ಸ್ಕ್ಯಾನ್ ತೆಗೆದು ಈಗಿನದ್ರ ಪಕ್ಕ ಇಟ್ಟು ನೋಡ್ತಾರೆ, ಮೊದಲ್ನೇ ಸಲ ತೆಗೆದಾಗ ಡಿಸ್ಕಿಂದಲೇ ಬರತ್ತೆ, ಹಾಗಾಗಿ ರೀಡ್ ಕ್ಯಾಶಿಂದ ಅವರಿಗೆ ಅಂಥಾ ಲಾಭ ಏನಿಲ್ಲ, ಅದರ ಉಪಯೋಗ ಜಾಸ್ತಿ ಆಗಿದ್ದು ಬಿಲ್ಲಿಂಗ್ ಡೇಟಾಬೇಸಿಗೆ, ಬೆಳಿಗ್ಗೆ ಓಪಿಡಿ ರಶ್ ಹೊತ್ತಲ್ಲಿ. ಹಳೇ ಸ್ಟೋರೇಜನ್ನ ಬಿಸಾಕಿಲ್ಲ, ರಾತ್ರಿ ಬ್ಯಾಕಪ್ ಅದಕ್ಕೇ ಹೋಗತ್ತೆ, ಇದಕ್ಕೆ ಎಷ್ಟೇ ರೈಡ್ ಹಾಕಿದ್ರೂ ಯಾರೋ ತಪ್ಪಾಗಿ ಫೋಲ್ಡರ್ ಡಿಲೀಟ್ ಮಾಡಿದ್ರೆ ರೈಡ್ ಅದನ್ನೂ ನಿಷ್ಠೆಯಿಂದ ಡಿಲೀಟ್ ಮಾಡತ್ತೆ.

ಪೂಲ್ ಬಿ ನಾನು ಅಂದ್ಕೊಂಡಿದ್ದಕ್ಕಿಂತ ಬೇಗ ತುಂಬ್ತಾ ಇದೆ. ಎಕ್ಸ್‌ಪಾನ್ಶನ್ ಬಾಕ್ಸ್ ತರಿಸಿದ್ರೆ ಅದರಲ್ಲೂ ಇದೇ 10 ಡಿಸ್ಕಿನ ರೈಡ್ 6 ಗ್ರೂಪ್ ಮಾಡಿ ಪೂಲ್ ಬಿಗೆ ಸೇರಿಸೋದು, ಪೇಜ್‌ಗಳನ್ನ ಹೊಸ ಗ್ರೂಪಿಗೆ ಅದೇ ಹಂಚ್ಕೊಳತ್ತೆ, ವಾಲ್ಯೂಮ್ ದೊಡ್ಡದು ಮಾಡಿದ್ರೆ ಮುಗೀತು. ಕೊಟೇಶನ್ ತರಿಸಿ ಕೊಟ್ಟಿದೀನಿ, 11 ಡಿಸ್ಕಿಗೆ. ಆ ಹನ್ನೊಂದನೇದು ಯಾಕೆ ಅಂತ ಮೇಡಂ ಈ ಸಲ ಕೇಳಲಿಲ್ಲ.